ಟಿಕೆಟಿನ ಹಿಂದೆ ಬರೆದ ಬಾಕಿ

ನನ್ನ ಚಿತ್ರಕಥೆಯ ಅಕ್ಕನ ಇನ್ನೂರನೆಯ ಕಂತು ಮುಗಿದು ಹತ್ತು ದಿನವಾಯಿತು. ಇನ್ನೂರೊಂದನೆಯದಕ್ಕೆ ಕಾಗದ ಹರಡಿಕೊಂಡು ಕುಳಿತರೆ ಕೈ ಓಡುತ್ತಿಲ್ಲ. ಹೇಳಬೇಕಾದವರಿಗೆ ಹೇಳಬೇಕಾದ ಮಾತನ್ನು ಹೇಳದೆ ಮುಂದಿನ ಕಂತಿಗೆ ಹೋಗುವುದು ಸರಿಯಲ್ಲ ಎನ್ನಿಸುತ್ತಿದೆ. ಹನುಮಂತನಗರದ ಈ ಮಹಡಿ ಕೋಣೆಯಲ್ಲಿ ಕುಳಿತು ಐದೂವರೆ ವರ್ಷದಲ್ಲಿ ಏನು ಮಾಡಿದೆನೋ ಅದರಲ್ಲಿ ನನ್ನ ಪಾಲು ಎಷ್ಟು, ಓದುಗರಾದ ನಿಮ್ಮ ಪಾಲು ಎಷ್ಟು ಎಂದು ಲೆಕ್ಕ ಹಾಕಿದರೆ ನಿಮ್ಮದೇ ಹೆಚ್ಚು.

ಹೊಸಬರಿಗಾಗಿ ಎರಡು ಮಾತು. 2019ರಿಂದ ನಾನು ಮೊಬೈಲಿನಲ್ಲಿ ಓದುವಂಥ ಚಿತ್ರಕಥೆಯೊಂದನ್ನು ಕನ್ನಡದಲ್ಲಿ ಬರೆದು ಬಿಡಿಸುತ್ತಿದ್ದೇನೆ. ಮೆಜೆಸ್ಟಿಕ್ಕಿನಿಂದ ಬನಶಂಕರಿಗೆ ಓಡಾಡುವ ಸಿಟಿ ಬಸ್ಸಿನ ನಿರ್ವಾಹಕಿಯ ಕಥೆ ಅದು. ಅವಳಿಗೆ ಹೆಸರಿಟ್ಟಿಲ್ಲ. ಪ್ರಯಾಣಿಕರು ಕರೆಯುವ ಹಾಗೆ ಅವಳು ಬರೀ ಅಕ್ಕ. ನನಗೆ ಪ್ರಕಾಶಕರಿಲ್ಲ, ಸಂಪಾದಕರಿಲ್ಲ. ಬೆಳಿಗ್ಗೆಯಿಂದ ಮೂರು ಗಂಟೆಯವರೆಗೆ ಡಿಟಿಪಿ ಕೆಲಸ, ಆಮೇಲೆ ಅಕ್ಕನ ಬಸ್ಸು.

ಮೊದಲ ಕೃತಜ್ಞತೆ ಆ ‘ಅಕ್ಕ’ ಎಂಬ ಪದವನ್ನು ಸರಿಪಡಿಸಿಕೊಟ್ಟವರಿಗೆ. ಆರಂಭದ ಕಂತುಗಳನ್ನು ಓದಿದವರಿಗೆ ನೆನಪಿರಬಹುದು, ಮಾತಿನ ಗುಳ್ಳೆಗಳಲ್ಲಿ ಅಕ್ಷರಗಳು ಒಡೆದು ಬೀಳುತ್ತಿದ್ದವು. ಯೂನಿಕೋಡಿನಲ್ಲಿ ನೆಟ್ಟಗೆ ಟೈಪು ಮಾಡಿದರೂ ಚಿತ್ರದ ತಂತ್ರಾಂಶದೊಳಗೆ ಹೋದ ಕೂಡಲೇ ಒತ್ತಕ್ಷರ ಕಳಚಿಕೊಂಡು ‘ಅಕ್ಕ’ ಎಂಬುದು ‘ಅಕ್‌ಕ’ ಆಗುತ್ತಿತ್ತು. ಕಥಾನಾಯಕಿಯ ಹೆಸರೇ ಮುರಿದು ಬಿದ್ದರೆ ಕಥೆ ಹೇಗೆ ನಿಲ್ಲಬೇಕು? ಪ್ರತಿ ಪದವನ್ನೂ ಬೇರೆ ಕಡೆ ಬರೆದು, ಚಿತ್ರವಾಗಿ ಕತ್ತರಿಸಿ ತಂದು ಅಂಟಿಸುತ್ತಿದ್ದೆ. ಒಂದು ಕಂತಿಗೆ ಎರಡು ರಾತ್ರಿ ಅದಕ್ಕೇ ಹೋಗುತ್ತಿತ್ತು. ಹದಿನಾಲ್ಕನೆಯ ಕಂತಿನ ಹೊತ್ತಿಗೆ ಕೋರಮಂಗಲದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಓದುಗರೊಬ್ಬರು ಫೋನ್ ನಂಬರು ಕೇಳಿ ಪಡೆದು, ಕರೆ ಮಾಡಿ, ಮುಕ್ಕಾಲು ಗಂಟೆ ಜೊತೆಗಿದ್ದರು. ಆಯ್ಕೆಗಳ ಪಟ್ಟಿಯೊಳಗೆ ಎಲ್ಲೋ ದಕ್ಷಿಣ ಏಷ್ಯಾದ ಲಿಪಿಗಳಿಗೆಂದೇ ಒಂದು ಗುಂಡಿ ಇತ್ತು. ಅದನ್ನು ಒತ್ತಿ ತಂತ್ರಾಂಶವನ್ನು ಮುಚ್ಚಿ ತೆರೆದೆ. ಕಕಾರದ ಕೆಳಗೆ ಕಒತ್ತು ತಾನಾಗಿಯೇ ಬಂದು ಕುಳಿತಿತು. ಆ ರಾತ್ರಿ ನಾನು ಅತ್ತೆ. ಸರ್, ಫೋನಿನಲ್ಲಿ ನಾನು ಸುಮ್ಮನಾದದ್ದನ್ನು ನೀವು ಲೈನು ಕಡಿಯಿತೆಂದುಕೊಂಡಿರಿ. ಲೈನು ಕಡಿದಿರಲಿಲ್ಲ.

ಆ ದಿನಗಳಲ್ಲಿ ಓದುಗರು ಬೆರಳೆಣಿಕೆಯಷ್ಟೇ ಇದ್ದರು. ವೈಟ್‌ಫೀಲ್ಡ್ ಕಡೆ ನಡೆದ ಕಾಮಿಕ್ಸ್ ಮೇಳವೊಂದಕ್ಕೆ ಹತ್ತು ಪುಟಗಳ ಮಾದರಿ ಹಿಡಿದುಕೊಂಡು ಹೋಗಿದ್ದೆ. ಅಲ್ಲಿ ಮಾತನಾಡಿಸಿದವರೆಲ್ಲ ಒಳ್ಳೆಯವರೇ, ಚಿತ್ರಗಳನ್ನು ಮೆಚ್ಚಿಕೊಂಡರು. ಮೆಚ್ಚಿದ ಮೇಲೆ ಎಲ್ಲರೂ ಒಂದೇ ಪ್ರಶ್ನೆ ಕೇಳಿದರು: ಇದನ್ನು ಇಂಗ್ಲಿಷಿನಲ್ಲಿ ಏಕೆ ಮಾಡಬಾರದು? ಹಿಂತಿರುಗುವ ಬಸ್ಸಿನಲ್ಲಿ ಆ ಪ್ರಶ್ನೆ ನನ್ನ ಪಕ್ಕದ ಸೀಟಿನಲ್ಲೇ ಕುಳಿತಿತ್ತು. ಮುಂದಿನ ಶನಿವಾರ, ಏಕೆಂದು ಗೊತ್ತಿಲ್ಲದೆಯೇ, ಟ್ರಿನಿಟಿ ವೃತ್ತದ ಬಳಿ ಮಿಡ್‌ಫೋರ್ಡ್ ಗಾರ್ಡನ್ನಿನಲ್ಲಿರುವ ಕಾರ್ಟೂನ್ ಗ್ಯಾಲರಿಗೆ ಹೋದೆ. ವ್ಯಂಗ್ಯಚಿತ್ರಗಳಿಗೆಂದೇ ಈ ಊರಿನಲ್ಲಿ ಗೋಡೆಗಳಿವೆ, ಅವುಗಳ ಮುಂದೆ ಎಷ್ಟು ಹೊತ್ತಾದರೂ ನಿಲ್ಲಬಹುದು. ಅಲ್ಲಿ ನಿಂತಾಗ ತಾತ ಹೇಳುತ್ತಿದ್ದ ಕೊರವಂಜಿ ನೆನಪಾಯಿತು. 1942ರಲ್ಲಿ ಡಾ. ಎಂ. ಶಿವರಾಂ ಬೆಂಗಳೂರಿನಿಂದ ಹೊರಡಿಸಿದ ಹಾಸ್ಯ ಮಾಸಪತ್ರಿಕೆ ಅದು. ರೋಗಿಗಳನ್ನು ನೋಡುತ್ತಲೇ ಅವರು ಅದನ್ನು 25 ವರ್ಷ ನಡೆಸಿದರು. ಇನ್ನೂ ಹೆಸರಾಗದಿದ್ದ ಆರ್. ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದಿದ್ದರು. ಇದೇ ಊರಿನಲ್ಲಿ, ಇದೇ ಭಾಷೆಯಲ್ಲಿ ಈ ಕೆಲಸ ಮೊದಲೇ ನಡೆದಿದೆ, ನಾನು ಹೊಸದಾಗಿ ಯಾರ ಅಪ್ಪಣೆಯನ್ನೂ ಪಡೆಯಬೇಕಿಲ್ಲ ಎಂಬುದು ಅಲ್ಲಿ ಖಚಿತವಾಯಿತು. ಆ ಗ್ಯಾಲರಿಯನ್ನು ಕಟ್ಟಿ ಉಳಿಸಿಕೊಂಡು ಬಂದವರಿಗೆ ನನ್ನ ನಮಸ್ಕಾರ.

ಇನ್ನು ಹಣದ ವಿಷಯ. ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಆದರೆ ಹೇಳದೆ ಬಿಡಲಾರೆ. ವಿದೇಶಿ ತಾಣವೊಂದರ ಮೂಲಕ 41 ಓದುಗರು ತಿಂಗಳು ತಿಂಗಳು ಸ್ವಲ್ಪ ಹಣ ಕಳುಹಿಸುತ್ತಿದ್ದರು. 2021ರ ಅಕ್ಟೋಬರಿನಲ್ಲಿ ಕಾರ್ಡುಗಳಿಂದ ತಾನಾಗಿಯೇ ಹಣ ಕಡಿತವಾಗುವುದಕ್ಕೆ ಹೊಸ ನಿಯಮ ಜಾರಿಗೆ ಬಂದ ಮೇಲೆ ಒಬ್ಬೊಬ್ಬರದೇ ನಿಂತುಹೋಯಿತು. ಸಂಕ್ರಾಂತಿಯ ಹೊತ್ತಿಗೆ ಉಳಿದವರು ಒಂಬತ್ತು ಮಂದಿ. ಆಗ ಮಲ್ಲೇಶ್ವರದ ನಿವೃತ್ತ ಬ್ಯಾಂಕ್ ಉದ್ಯೋಗಿಯೊಬ್ಬರು, ನಾನು ಕೇಳದೆಯೇ, ಒಂದು ನೋಟ್‌ಬುಕ್ ತೆರೆದರು. ಹಳೆಯ ಓದುಗರನ್ನು ಒಬ್ಬೊಬ್ಬರನ್ನಾಗಿ ಹುಡುಕಿ, ವರ್ಷಕ್ಕೆ 600 ರೂಪಾಯಿ ಯುಪಿಐ ಮೂಲಕ ನೇರವಾಗಿ ಕಳುಹಿಸುವಂತೆ ಒಪ್ಪಿಸಿದರು. ಆ ನೋಟ್‌ಬುಕ್ಕಿನಲ್ಲಿ ಈಗ 137 ಹೆಸರುಗಳಿವೆ. ರಾಯರೇ, ನನ್ನ ಕೋಣೆಯ ಬಾಡಿಗೆಯ ಒಂದು ದೊಡ್ಡ ಭಾಗ ನಿಮ್ಮ ಉರುಟು ಅಕ್ಷರದಲ್ಲಿ ಬರೆದದ್ದು.

ಈಗ ನಾನು ನಿಧಾನವಾಗಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ.

80ನೆಯ ಕಂತು ಹೊರಬಂದ ಮರುದಿನ ಒಂದು ಸಂದೇಶ ಬಂತು. ಕಳುಹಿಸಿದವರು ನಿಜವಾದ ನಿರ್ವಾಹಕಿ, ಹದಿನಾರು ವರ್ಷದ ಸೇವೆ. ಡಿಪೋದಲ್ಲಿ ಯಾರೋ ತೋರಿಸಿದರೆಂದು ಮೊದಲಿನಿಂದ ಅಷ್ಟನ್ನೂ ಓದಿದ್ದರು. “ತಂಗಿ, ಚೆನ್ನಾಗಿ ಬರೆದಿದ್ದೀರಿ. ಚಿಲ್ಲರೆ ಜಗಳ ಸರಿಯಾಗಿದೆ, ವಿಷಲ್ ಊದುವುದು ಸರಿಯಾಗಿದೆ. ಆದರೆ ಎಂಬತ್ತು ಕಂತಾದರೂ ನಿಮ್ಮ ಅಕ್ಕ ಒಂದು ಸಲವೂ ಶೌಚಾಲಯ ಹುಡುಕಿಕೊಂಡು ಹೋಗಿಲ್ಲ. ಅವಳ ಬಾಟಲಿಯಲ್ಲಿ ಯಾವಾಗಲೂ ನೀರು ತುಂಬಿರುವ ಹಾಗೆ ಬರೆಯುತ್ತೀರಿ. ಅದು ಸರಿಯೇ. ಅದು ಏಕೆ ತುಂಬಿರುತ್ತದೆ ಎಂದು ನಿಮಗೆ ಗೊತ್ತೇ?”

ನನಗೆ ಗೊತ್ತಿರಲಿಲ್ಲ. ಬಾಟಲಿಯನ್ನು ನಾನು ಅಂದಕ್ಕೆ ಬಿಡಿಸಿದ್ದೆ, ಚೌಕದ ಮೂಲೆಯಲ್ಲಿ ಒಂದು ನೀಲಿ ಬಣ್ಣ ಬೇಕಿತ್ತು. ಪಾಳಿ ಮುಗಿಯುವವರೆಗೆ ನೀರು ಕುಡಿಯುವುದನ್ನೇ ಕಡಿಮೆ ಮಾಡುವ ಹೆಂಗಸರಿದ್ದಾರೆ, ಕೊನೆಯ ನಿಲ್ದಾಣದ ಹತ್ತಿರದ ಯಾವ ಹೋಟೆಲಿನವರು ಒಳಗೆ ಬಿಡುತ್ತಾರೆ, ಯಾವ ಮನೆಯ ಅಮ್ಮ ಬಾಗಿಲು ತೆರೆಯುತ್ತಾರೆ ಎಂಬುದು ಒಬ್ಬರಿಂದ ಒಬ್ಬರಿಗೆ ಬಾಯಿಮಾತಿನಲ್ಲಿ ದಾಟುತ್ತದೆ ಎಂದು ಅವರೇ ತಿಳಿಸಿದರು. ಎರಡು ಭಾನುವಾರ ಅವರೊಂದಿಗೆ ಫೋನಿನಲ್ಲಿ ಮಾತನಾಡಿದೆ. ಬಳಿಕ 81ನೆಯ ಕಂತನ್ನು ಬರೆದೆ. ಆಗ ಇನ್‌ಸ್ಟಾಗ್ರಾಂನಲ್ಲಿ ಒಮ್ಮೆಗೆ ಹತ್ತೇ ಚಿತ್ರ ಹಾಕಲು ಆಗುತ್ತಿತ್ತು, 20ಕ್ಕೆ ಏರಿದ್ದು 2024ರ ಆಗಸ್ಟಿನಲ್ಲಿ. ಆ ಹತ್ತು ಚೌಕಗಳಲ್ಲಿ ಒಂದೂ ಮಾತಿಲ್ಲ. ಬೆಳಿಗ್ಗೆ ಆರಕ್ಕೆ ತುಂಬಿದ ಬಾಟಲಿ, ಮಧ್ಯಾಹ್ನ ಎರಡಕ್ಕೂ ಅಷ್ಟೇ ತುಂಬಿದ ಬಾಟಲಿ. ಒಂಬತ್ತನೆಯ ಚೌಕದಲ್ಲಿ ಒಂದು ಮನೆಯ ಗೇಟು ತೆರೆಯುತ್ತದೆ. ಹತ್ತನೆಯದರಲ್ಲಿ ಅಕ್ಕ ಬಸ್ಸಿನ ಮೆಟ್ಟಿಲ ಮೇಲೆ ಕುಳಿತು ಗಟಗಟನೆ ನೀರು ಕುಡಿಯುತ್ತಿದ್ದಾಳೆ.

ನಾನು ಬರೆದ ಕಂತುಗಳಲ್ಲಿ ಅತಿ ಹೆಚ್ಚು ಕೈಯಿಂದ ಕೈಗೆ ದಾಟಿದ್ದು ಅದೇ. ಗುರುತಿಸುವಿಕೆ ಎಂದು ನಾನು ಹಂಬಲಿಸುತ್ತಿದ್ದದ್ದು ಅಲ್ಲಿಯವರೆಗೆ ಯಾವುದೋ ವೇದಿಕೆಯಿಂದ, ಹಾರ ಶಾಲುಗಳಿಂದ ಬರಬೇಕಾದ ವಸ್ತುವಾಗಿತ್ತು. ಆದರೆ ಎಂಟು ಗಂಟೆ ನಿಂತು ದುಡಿದು ಮನೆಗೆ ಹೋದವರೊಬ್ಬರು ನಾನು ಬಿಡಿಸಿದ ಬಾಟಲಿಯನ್ನು ಎಂಬತ್ತು ಕಂತುಗಳ ಉದ್ದಕ್ಕೂ ಗಮನಿಸಿದ್ದರು. ಇದಕ್ಕಿಂತ ಹೆಚ್ಚಾಗಿ ನನ್ನನ್ನು ಯಾರು ಗುರುತಿಸಬೇಕು? ಅಂದಿನಿಂದ ಪ್ರತಿ ಕಂತೂ ಮೊದಲು ಅವರ ಮೊಬೈಲಿಗೆ ಹೋಗುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಶೂನ್ಯ ಟಿಕೆಟ್ ಬಂದಾಗ ಕಥೆ ಬದಲಾಗಲೇಬೇಕಿತ್ತು. ನಾನು ಜನಸಂದಣಿಯನ್ನು ಬಿಡಿಸಲು ಕುಳಿತಿದ್ದರೆ, ಅವರು ಕಳುಹಿಸಿದ್ದು ಬೇರೆಯೇ ಒಂದು ನೋಟ: ಗಂಡನನ್ನು ಬಸ್ಸಿಗೆ ದುಡ್ಡು ಕೇಳದೆ ತವರಿಗೆ ಹೊರಟ ಹೆಂಗಸು, ಟಿಕೆಟನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡದ್ದು. ಆ ಕಂತನ್ನು ಹೊಗಳಿದವರೆಲ್ಲರ ಮಾತನ್ನು ನಾನು ಅವರಿಗೇ ದಾಟಿಸಿದ್ದೇನೆ.

2024ರ ಮಾರ್ಚಿನಲ್ಲಿ ಕೈ ಕೈಕೊಟ್ಟಿತು. ಬಲಗೈ ಹೆಬ್ಬೆರಳ ಬುಡದಲ್ಲಿ ನೋವು ಎದ್ದು, ಪೆನ್ನು ಹಿಡಿಯುವುದಿರಲಿ, ಚೊಂಬು ಎತ್ತಲೂ ಆಗದಂತಾಯಿತು. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಮಣಿಕಟ್ಟನ್ನು ಕಿರುಬೆರಳ ಕಡೆಗೆ ಬಾಗಿಸಲು ಹೇಳಿದ ವೈದ್ಯರು, ನಾನು ಕೂಗಿಕೊಂಡದ್ದನ್ನು ಕೇಳಿ ಡಿ ಕ್ವೆರ್ವೇನ್ ಎಂದರು. ಸ್ನಾಯುರಜ್ಜು ಓಡಾಡುವ ಹೊದಿಕೆ ಊದಿಕೊಂಡಿತ್ತು. ಪಟ್ಟಿ, ವ್ಯಾಯಾಮ, ಎಲ್ಲಕ್ಕಿಂತ ಮುಖ್ಯವಾಗಿ ವಿಶ್ರಾಂತಿ. ನಾಲ್ಕು ತಿಂಗಳು ಒಂದು ಗೆರೆಯನ್ನೂ ಎಳೆಯಲಿಲ್ಲ. ಕಂತು ನಿಂತರೆ ಜನ ಮರೆಯುತ್ತಾರೆ ಎಂಬ ಭಯ ನೋವಿಗಿಂತ ಹೆಚ್ಚಾಗಿ ಕಾಡಿತು. ಕೆಳಮನೆಯ ಅಮ್ಮ ದಿನವೂ ಅನ್ನ ಕಲಸಿಯೇ ತಟ್ಟೆ ಕೊಟ್ಟರು, ಚಮಚದಲ್ಲಿ ಎಡಗೈಯಿಂದ ತಿನ್ನಲು ಸುಲಭವಾಗಲಿ ಎಂದು. ಇದನ್ನು ಅವರು ಓದುವುದಿಲ್ಲ. ನಾನೇ ಓದಿ ಹೇಳುತ್ತೇನೆ.

ನೀವು ಮರೆಯಲಿಲ್ಲ. ಮಾತ್ರವಲ್ಲ, ಆ ನಾಲ್ಕು ತಿಂಗಳು ನೀವು ನನಗೆ ಟಿಕೆಟುಗಳನ್ನು ಕಳುಹಿಸಿದಿರಿ. ಚಿಲ್ಲರೆ ಇಲ್ಲದಾಗ ನಿರ್ವಾಹಕರು ಟಿಕೆಟಿನ ಹಿಂದೆ ಬಾಕಿ ಬರೆದು ಕೊಡುತ್ತಾರಲ್ಲ, ಅದರ ಫೋಟೊಗಳು. ಯಾರು ಶುರು ಮಾಡಿದಿರೋ ತಿಳಿಯದು. 5 ರೂ., 15 ರೂ., ಇಳಿಯುವ ಅವಸರದಲ್ಲಿ ಕೇಳಲು ಮರೆತ 80 ರೂ. “ಅಕ್ಕನಿಂದ ನನಗೆ ಇಷ್ಟು ಬರಬೇಕು, ಬೇಗ ಬಂದು ಕೊಡಲಿ” ಎಂದು ಬರೆದಿದ್ದಿರಿ. 63 ಫೋಟೊಗಳು ಬಂದವು. ಬೆರಳಿಗೆ ಪಟ್ಟಿ ಕಟ್ಟಿಕೊಂಡು ಅವನ್ನು ನೋಡುತ್ತಾ ಮಲಗುತ್ತಿದ್ದೆ.

ಅವು ಪುಸ್ತಕಕ್ಕೂ ಒದಗಿ ಬಂದವು. ಕೈ ಚೇತರಿಸಿಕೊಂಡ ಮೇಲೆ ಹನ್ನೆರಡು ಕಂತುಗಳನ್ನು ಆರಿಸಿ ಚಾಮರಾಜಪೇಟೆಯ ಹಳೆಯ ಮುದ್ರಣಾಲಯವೊಂದಕ್ಕೆ ಒಯ್ದೆ. ಯಜಮಾನರು ಅಚ್ಚುಮೊಳೆ ಜೋಡಿಸುವ ಕಾಲದಿಂದ ಈ ಕೆಲಸದಲ್ಲಿರುವವರು. ನನ್ನ ಚೌಕಗಳು 1080 ಪಿಕ್ಸೆಲ್ ಅಗಲದವು. ಅಚ್ಚಿಗೆ ಬೇಕಾದ 300 ಡಿಪಿಐನಲ್ಲಿ, ಅಂದರೆ ಅಂಗುಲಕ್ಕೆ 300 ಚುಕ್ಕೆಯ ಲೆಕ್ಕದಲ್ಲಿ, ಅವು ಮೂರೂವರೆ ಅಂಗುಲಕ್ಕಿಂತ ಸ್ವಲ್ಪ ದೊಡ್ಡದಷ್ಟೇ ಆಗುತ್ತವೆ. ಎಳೆದು ದೊಡ್ಡದು ಮಾಡಿದರೆ ಗೆರೆ ಮಂಕಾಗುತ್ತದೆ, ಹಾಗೆ ಮಾಡಬೇಡಮ್ಮ ಎಂದ ಅವರು ಡೆಮಿ 1/8 ಅಳತೆಯ ಪುಟದಲ್ಲಿ ಒಂದರ ಕೆಳಗೊಂದರಂತೆ ಎರಡೆರಡು ಚೌಕ ಕೂರಿಸಿ ತೋರಿಸಿದರು. ಮಾತಿನ ಗುಳ್ಳೆಗಳನ್ನು ಕನ್ನಡಕ ಎತ್ತಿ ನೋಡಿ, ಸಾಲುಗಳ ನಡುವೆ ಜಾಗ ಸಾಲದು, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತಿದೆ ಎಂದು ಒಂದೊಂದನ್ನೂ ಗುರುತು ಹಾಕಿಕೊಟ್ಟರು. ಹನ್ನೆರಡು ಕಂತಿಗೆ 60 ಪುಟ, ಮೊದಲೆರಡು ಸೇರಿ 62. ಮಧ್ಯಕ್ಕೆ ಪಿನ್ನು ಹೊಡೆಯುವ ಪುಸ್ತಕದ ಪುಟ ನಾಲ್ಕರಿಂದ ಭಾಗವಾಗಬೇಕು, 62 ನಿಲ್ಲುವುದಿಲ್ಲ, ಇನ್ನೆರಡು ಪುಟಕ್ಕೆ ಏನು ಕೊಡುತ್ತೀಯ ಎಂದು ಕೇಳಿದರು. ನಿಮ್ಮ ಟಿಕೆಟುಗಳನ್ನು ಕೊಟ್ಟೆ. 63ನೆಯ ಮತ್ತು 64ನೆಯ ಪುಟ ಪೂರ್ತಿ ನಿಮ್ಮವು. 500 ಪ್ರತಿಗಳಿಗೆ ಅವರು ಕೂಲಿಯನ್ನು ಎರಡು ಕಂತಿನಲ್ಲಿ ತೆಗೆದುಕೊಂಡರು, ನಾನು ಬೇಡಿಕೊಳ್ಳುವ ಮೊದಲೇ.

2025ರ ಜನವರಿ 5, ಚಿತ್ರಸಂತೆ. ಕುಮಾರಕೃಪಾ ರಸ್ತೆಯಲ್ಲಿ ಬೆಳಿಗ್ಗೆಯೇ ಜನ ತುಂಬಿದ್ದರು. ಮೂಲಚಿತ್ರಗಳನ್ನು ಹಗ್ಗಕ್ಕೆ ತೂಗುಹಾಕಿ, ಪಕ್ಕದಲ್ಲಿ ಪುಸ್ತಕಗಳನ್ನು ಜೋಡಿಸಿಕೊಂಡು ಕುಳಿತೆ. ನಿಮ್ಮಲ್ಲಿ ಎಷ್ಟೋ ಜನರ ಮುಖ ನೋಡಿದ್ದು ಅಂದೇ. ತಮ್ಮ ಟಿಕೆಟನ್ನು ಪುಟದಲ್ಲಿ ಹುಡುಕಿ ಬೆರಳಿಟ್ಟು ಮಗಳಿಗೆ ತೋರಿಸಿದವರು, ಮೈಸೂರಿನಿಂದ ಮೊದಲ ರೈಲು ಹಿಡಿದು ಬಂದವರು, ಏನೂ ಮಾತನಾಡದೆ ಒಂದು ಪೊಟ್ಟಣ ಕಡಲೆಕಾಯಿ ಇಟ್ಟು ಹೋದವರು. ನಾಲ್ಕು ಗಂಟೆಯ ಸುಮಾರಿಗೆ ಪಾಳಿ ಮುಗಿಸಿ, ಖಾಕಿಯ ಮೇಲೊಂದು ಸ್ವೆಟರ್ ಹಾಕಿಕೊಂಡು ಆ ನಿರ್ವಾಹಕಿ ಅಕ್ಕ ಬಂದರು. ಮೂರು ವರ್ಷದ ಮಾತುಕತೆಯ ನಂತರ ಮೊದಲ ಸಲ ಎದುರುಬದುರು. ಪುಸ್ತಕವನ್ನು ಉಡುಗೊರೆಯಾಗಿ ಕೊಡಲು ಹೋದರೆ ಕೈ ಹಿಂದಕ್ಕೆ ತಳ್ಳಿದರು. 120 ರೂಪಾಯಿಯ ಪುಸ್ತಕಕ್ಕೆ ಐನೂರರ ನೋಟು ಕೊಟ್ಟರು. ನನ್ನ ಡಬ್ಬಿಯಲ್ಲಿ ಅಷ್ಟು ಚಿಲ್ಲರೆ ಇರಲಿಲ್ಲ. ಅವರೇ ಜೇಬಿನಿಂದ ಪೆನ್ನು ತೆಗೆದು, ಪುಸ್ತಕದ ಕೊನೆಯ ಪುಟ ತೆರೆದು, ನಿಮ್ಮ ಟಿಕೆಟುಗಳ ಕೆಳಗೆ ಉಳಿದಿದ್ದ ಬಿಳಿ ಜಾಗದಲ್ಲಿ ‘380 ಬಾಕಿ’ ಎಂದು ಬರೆದು ನನ್ನಿಂದ ಸಹಿ ಹಾಕಿಸಿಕೊಂಡರು. ಆಮೇಲೆ ಜನಸಂದಣಿಯಲ್ಲಿ ಎಲ್ಲಿ ಹೋದರೋ ಕಾಣಲಿಲ್ಲ.

ಅಕ್ಕ, ಆ 380 ರೂಪಾಯಿಯನ್ನು ಲಕೋಟೆಯಲ್ಲಿ ಹಾಕಿ ಮೇಜಿನ ಮೇಲೆ ಇಟ್ಟಿದ್ದೇನೆ. ವಾರದ ರಜೆಯ ದಿನ ಹನುಮಂತನಗರದ ಕಡೆ ಬನ್ನಿ. ಕೆಳಮನೆಯ ಅಮ್ಮನಿಗೆ ಹೇಳಿಟ್ಟಿದ್ದೇನೆ, ಊಟ ಮಾಡಿಕೊಂಡೇ ಹೋಗಬೇಕು.