ಗಾಡಿ ಇಲ್ಲದ ಪೇಟೆ: ಮಗಳಿಗೊಂದು ಪತ್ರ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದ.

ಫೋನಿನಲ್ಲಿ ಅಂಗಡಿ ಸುದ್ದಿ ಕೇಳಿದರೆ "ಎಲ್ಲ ಆರಾಮ ಅದ, ನೀವು ಸುಮ್ನೆ ಊರು ನೋಡ್ರಿ ಅಪ್ಪಾ" ಅಂತೀಯ. ನೋಡುತ್ತಲೇ ಇದ್ದೇನೆ. ಆದರೆ ಬಟ್ಟೆ ವ್ಯಾಪಾರಿ ಎಲ್ಲಿಗೆ ಹೋದರೂ ನೋಡುವುದು ಅಂಗಡಿಯನ್ನೇ ಅಲ್ವಾ? ವ್ಯಾಪಾರಿಗಳ ಸಭೆಗೆ ಈ ಸಲ ನೀನು ಹೋಗುತ್ತೀ. ದೀಪಾವಳಿಗೆ ನಮ್ಮ ಬೆಳಗಾವಿಯ ಖಡೇಬಜಾರಿನಲ್ಲಿ ಗಾಡಿ ಬಿಡಬೇಕೋ ಬೇಡವೋ ಅನ್ನುವ ಜಗಳ ಎದ್ದೇ ಏಳುತ್ತದೆ. ಅದಕ್ಕೇ ಈ ಪತ್ರ.

ನಿಮ್ಮಣ್ಣ ನಮ್ಮನ್ನು ಡೆನ್ಮಾರ್ಕಿನ ಕೋಪನ್‌ಹೇಗನ್ನಿನ ಸ್ಟ್ರೋಯೆಟ್ ಪೇಟೆಗೆ ಕರೆದುಕೊಂಡು ಹೋಗಿದ್ದ. ಒಂದಕ್ಕೊಂದು ಕೂಡಿಕೊಂಡ ಬೀದಿಗಳು, ಉದ್ದ ಸುಮಾರು 1.1 ಕಿಲೋಮೀಟರ್. ಅಡ್ಡರಸ್ತೆ ದಾಟುವಲ್ಲಿ ಬಿಟ್ಟರೆ ಗಾಡಿಯ ಸದ್ದಿಲ್ಲ. ಊರೆಲ್ಲ ಸೈಕಲ್ ಮೇಲೆ ಓಡಾಡುವ ಜನ, ಇಲ್ಲಿ ಮಾತ್ರ ಇಳಿದು ತಳ್ಳಿಕೊಂಡು ಹೋಗಬೇಕು. (1888ರಲ್ಲೇ ನಮ್ಮೂರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಸೈಕಲ್ ಅಂಗಡಿ ತೆರೆದಿದ್ದರು ಅಂತ ಅಣ್ಣನ ಗೆಳೆಯರಿಗೆ ಹೇಳಿದೆ. ನಂಬಿದರೋ ಇಲ್ಲವೋ!)

ನಡುವೆ ಒಂದು ಚೌಕ, ಅಲ್ಲಿ 1894ರ ಕೊಕ್ಕರೆ ಕಾರಂಜಿ. ನಿಮ್ಮವ್ವ ಅಲ್ಲೇ ಕೂತಳು. ನಾನು ಗಿರಾಕಿಗಳನ್ನು ನೋಡುತ್ತ ನಿಂತೆ. ಹೋಗುವವರು ಗಾಜಿನಾಚೆಯ ಕೋಟನ್ನು ಕಂಡು ನಿಲ್ಲುತ್ತಾರೆ. ಎರಡು ಹೆಜ್ಜೆ ಹಿಂದೆ ಸರಿದು ಮತ್ತೆ ನೋಡುತ್ತಾರೆ. ಗಂಡನನ್ನು ಕರೆದು ತೋರಿಸುತ್ತಾರೆ. ಆಮೇಲೆ ಒಳಗೆ. ನಮ್ಮಲ್ಲಿ ಹಾಗೆ ಹಿಂದೆ ಸರಿಯಲು ಜಾಗ ಎಲ್ಲಿದೆ? ಗೊಂಬೆಗೆ ಉಡಿಸಿದ ಶಹಾಪುರ ಸೀರೆ ಕಣ್ಣಿಗೆ ಬೀಳುವಷ್ಟರಲ್ಲಿ ಹಿಂದಿನಿಂದ ಹಾರ್ನ್. ಕೂಸಿನ ಕೈ ಹಿಡಿದುಕೊಂಡು ಹೆಣ್ಣುಮಗಳು ಮುಂದೆ ನಡೆದೇ ಬಿಡುತ್ತಾಳೆ. ಆ ಗಿರಾಕಿ ಹೋಯಿತು ಅಂತಲೇ ಲೆಕ್ಕ.

ಕೋಪನ್‌ಹೇಗನ್ನಿನವರೂ ಸುಲಭವಾಗಿ ಒಪ್ಪಿದವರಲ್ಲ. 1962ರ ನವೆಂಬರ್‌ನಲ್ಲಿ ಮೊದಲು ಪ್ರಯೋಗಕ್ಕೆ ಅಂತ ಕಾರು ಬರುವುದನ್ನು ನಿಲ್ಲಿಸಿದರು. ಕಾರಿಲ್ಲದಿದ್ದರೆ ಗಿರಾಕಿಯೂ ಇಲ್ಲ ಅಂತ ಅಂಗಡಿಯವರು ಗಲಾಟೆ ಮಾಡಿದರಂತೆ. ಈ ಚಳಿಯಲ್ಲಿ ಬೀದಿ ಸುತ್ತಲು ನಾವೇನು ಇಟಲಿಯವರೇ ಅಂತಲೂ ಕೇಳಿದರಂತೆ. ವ್ಯಾಪಾರ ಬೀಳಲಿಲ್ಲ. 1964ರಲ್ಲಿ ಅದನ್ನೇ ಕಾಯಂ ಮಾಡಿದರು. ಚಳಿಯ ಬದಲು ಬಿಸಿಲು ಅಂತ ಹಾಕಿದರೆ ನಮ್ಮ ಸಭೆಯ ಮಾತೇ ಇದು!

ಆದರೆ ಎಲ್ಲವನ್ನೂ ಹೊಗಳಲಾರೆ. ಒಂದು ತುದಿಯಲ್ಲಿ ಲೂಯಿ ವಿಟಾನ್‌ನಂಥ ದುಬಾರಿ ಅಂಗಡಿಗಳು. ಇನ್ನೊಂದು ತುದಿಯಲ್ಲಿ ಪ್ರವಾಸಿಗರಿಗೆ ಮಾರುವ ಟೋಪಿ, ಫ್ರಿಜ್‌ಗೆ ಅಂಟಿಸುವ ಗೊಂಬೆ. ನಡುವೆ ಎಚ್ ಅಂಡ್ ಎಂ, ಝಾರಾದಂಥ ದೊಡ್ಡ ಬಟ್ಟೆ ಅಂಗಡಿಗಳು. ಸೂಜಿ, ದಾರ, ಗುಂಡಿ ಮಾರುವ ಅಂಗಡಿ ಹುಡುಕಿದೆ, ಕಣ್ಣಿಗೆ ಬೀಳಲಿಲ್ಲ. ಜನ ಜಾಸ್ತಿ ಬಂದರೆ ಬಾಡಿಗೆಯೂ ಏರುತ್ತದೆ. ನಮ್ಮದು ಬಾಡಿಗೆ ಅಂಗಡಿ ಅನ್ನೋದು ನೆನಪಿರಲಿ.

ಇನ್ನೊಂದು ನೋಡಿದೆ. ನಿದ್ದೆ ಬಾರದೆ ಬೆಳಿಗ್ಗೆ ಬೇಗ ಹೋಗಿದ್ದೆ. ಆಗ ಪೇಟೆ ತುಂಬ ಮಾಲಿನ ಗಾಡಿಗಳು! ಡಬ್ಬಿ ಇಳಿಸಿ ಹೊರಟರು, ಆಮೇಲೆ ನಡೆಯುವವರ ಸರದಿ. ನಮ್ಮ ಸಭೆಯಲ್ಲಿ ಗಾಡಿ ಬಿಡಬೇಕು ಅನ್ನುವವರೂ ಬೇಡ ಅನ್ನುವವರೂ ಕೂಗುತ್ತಾರೆ. ಸೂರತ್‌ನಿಂದ ಬಂದ ಗಂಟು ಎಷ್ಟು ಗಂಟೆಗೆ ಇಳಿಸಬೇಕು ಅಂತ ಯಾರೂ ಕೇಳುವುದಿಲ್ಲ.

ನೀನು ಅದನ್ನೇ ಮೊದಲು ಕೇಳು. ಮಾಲು ಇಳಿಸಲು ಬೆಳಗಿನ ಹೊತ್ತು ಗೊತ್ತು ಮಾಡಿ, ಗಿರಾಕಿಗಳ ಗಾಡಿಗೆ ಹತ್ತಿರದಲ್ಲೇ ಜಾಗ ಕೊಟ್ಟರೆ ಪೇಟೆಯೊಳಗೆ ಗಾಡಿ ಬಿಡದಿರಲು ನಮ್ಮ ಒಪ್ಪಿಗೆ ಇದೆ ಅಂತ ಹೇಳು. ಗಣಪತ್ ಗಲ್ಲಿಯಲ್ಲಿ ಕೂತು ಮಾರುವವರನ್ನು ಎಬ್ಬಿಸಬೇಕು ಅಂತ ಯಾರಾದರೂ ಅಂದರೆ ಒಪ್ಪಬೇಡ. ಅವರ ಹತ್ತಿರ ಹೂವು, ಹಣ್ಣು ಕೊಳ್ಳಲು ಬಂದವರೇ ನಮ್ಮ ಮೆಟ್ಟಿಲೂ ಹತ್ತುತ್ತಾರೆ.

ಬಾಡಿಗೆ ಕರಾರನ್ನು ಹಬ್ಬಕ್ಕೆ ಮೊದಲೇ ಹೊಸದಾಗಿ ಬರೆಸಬೇಕು. ಮಾಲಕರ ಹತ್ತಿರ ಈಗಲೇ ಮಾತು ತೆಗೆಯಬೇಡ, ನಾನು ಬಂದ ಮೇಲೆ ಇಬ್ಬರೂ ಹೋಗೋಣ.

ನಿನ್ನ ಅಪ್ಪ