ರೀಲು ಕತ್ತರಿಸುವ ಮುನ್ನ ಒಮ್ಮೆ ಕೇಳಿ

ಮಾನ್ಯ ಸಂಪಾದಕರೇ,

ಫಿಲಂ ಫೋಟೊಗ್ರಫಿಗೆ ಮರಳುತ್ತಿರುವವರಲ್ಲಿ ಕೆಲವರು ತುಂಬಾ ಅಗಲವಾದ ಚಿತ್ರ ತೆಗೆಯುವ ಹಳೆಯ ಪನೋರಮಾ ಕ್ಯಾಮೆರಾಗಳನ್ನೂ ಕೊಳ್ಳುತ್ತಿದ್ದಾರೆ. ಸಂತೋಷ. ಆದರೆ ಅವರ ಎಷ್ಟೋ ಒಳ್ಳೆಯ ಚಿತ್ರಗಳು ಲ್ಯಾಬಿನ ಕತ್ತರಿಗೆ ಸಿಕ್ಕಿ ಎರಡು ತುಂಡಾಗುತ್ತಿವೆ.

35 ಎಂ.ಎಂ. ರೀಲಿನಲ್ಲಿ ಮಾಮೂಲಿ ಚಿತ್ರದ ಅಗಲ 36 ಮಿ.ಮೀ. ಹ್ಯಾಸೆಲ್‌ಬ್ಲಾಡ್ ಎಕ್ಸ್‌ಪ್ಯಾನ್‌ನಲ್ಲಿ ಅದು 65, ರಷ್ಯಾದ ಹೊರೈಜನ್ 202ರಲ್ಲಿ 58. ಹಾಗಾಗಿ 36 ಚಿತ್ರದ ರೀಲಿನಲ್ಲಿ ಎಕ್ಸ್‌ಪ್ಯಾನ್ 21 ಚಿತ್ರ ಮಾತ್ರ ಕೊಡುತ್ತದೆ. ರೂಢಿಯಂತೆ ಆರು ಚಿತ್ರದ ಅಳತೆ ಹಿಡಿದು ಕತ್ತರಿಸಿದರೆ ಕತ್ತರಿ ಚಿತ್ರದ ನಡುವೆಯೇ ಹಾಯುತ್ತದೆ. ರಾತ್ರಿ ತೆಗೆದ ನೆಗೆಟಿವ್ ಆದರೆ ಚಿತ್ರದ ಅಂಚೂ ಪಕ್ಕದ ಖಾಲಿ ಜಾಗವೂ ಒಂದೇ ಸಮ ತಿಳಿಯಾಗಿರುತ್ತವೆ, ಕಣ್ಣಿಗೆ ಗುರುತು ಸಿಗುವುದಿಲ್ಲ. ರೀಲಿನ ಡಬ್ಬಿಯ ಮೇಲೆಯೇ 'ತೊಳೆಯಿರಿ, ಕತ್ತರಿಸಬೇಡಿ' ಎಂದು ಬರೆದು ಕೊಡಿ. ಮನೆಗೆ ತಂದು ಬೆಳಕಿಗೆ ಹಿಡಿದು ಮೂರು ಮೂರು ಚಿತ್ರಕ್ಕೆ ಕತ್ತರಿಸಿದರೆ ಮಾಮೂಲಿ ನೆಗೆಟಿವ್ ಕವರಿನಲ್ಲೇ ಕೂರುತ್ತದೆ.

ಲ್ಯಾಬನ್ನು ದೂರಬಾರದ ದೋಷಗಳೂ ಇವೆ. ಹೊರೈಜನ್‌ನಂಥ ಲೆನ್ಸ್ ತಿರುಗುವ ಕ್ಯಾಮೆರಾ ಮೇಲಕ್ಕೆ ವಾಲಿದರೆ ದಿಗಂತ ಬಾಣಲೆಯಂತೆ ತಗ್ಗುತ್ತದೆ, ಕೆಳಕ್ಕೆ ವಾಲಿದರೆ ಕಾಮನಬಿಲ್ಲಿನಂತೆ ಉಬ್ಬುತ್ತದೆ. ನೀರುಮಟ್ಟದ ಗುಳ್ಳೆ ನೋಡದೆ ಗುಂಡಿ ಒತ್ತಬೇಡಿ. ಬಯಲು ಆಕಾಶದಲ್ಲಿ ಮೇಲಿಂದ ಕೆಳಕ್ಕೆ ಪಟ್ಟೆ ಬಿದ್ದರೆ ಒಳಗಿನ ಗ್ರೀಸ್ ಒಣಗಿ ಲೆನ್ಸ್ ತಡೆತಡೆದು ತಿರುಗುತ್ತಿದೆ ಎಂದು ಅನುಮಾನಿಸಿ. ರೀಲು ಹಾಕುವ ಮೊದಲು ಖಾಲಿ ಕ್ಯಾಮೆರಾವನ್ನು ಹತ್ತು ಸಲ ಓಡಿಸಿ ನೋಡುವುದು ಒಳ್ಳೆಯದು. ಇಂಥ ಕ್ಯಾಮೆರಾದಲ್ಲಿ ಗ್ರೂಪ್ ಫೋಟೊಗೆ ಬೆಂಚುಗಳನ್ನು ನೇರ ಸಾಲಿನಲ್ಲಿ ಹಾಕಿದರೆ ನಡುವೆ ಕೂತ ಮೇಷ್ಟ್ರು ದೊಡ್ಡದಾಗಿ, ತುದಿಯ ಮಕ್ಕಳು ಕಡಲೆಕಾಳಿನಷ್ಟಾಗಿ ಬರುತ್ತಾರೆ. ಕ್ಯಾಮೆರಾದ ಜಾಗದಲ್ಲಿ ಗೂಟ ನೆಟ್ಟು, ಹಗ್ಗ ಕಟ್ಟಿ, ಅದೇ ಅಳತೆಯಲ್ಲಿ ಬೆಂಚುಗಳನ್ನು ಕಮಾನಿನಂತೆ ಜೋಡಿಸಬೇಕು. ಪ್ರಿಂಟಿನಲ್ಲಿ ಸಾಲು ನೆಟ್ಟಗೆ ಬರುತ್ತದೆ.

ಪ್ರಿಂಟಿಗೆ, ನೆಗೆಟಿವನ್ನು ಕಾಗದದ ಮೇಲೆ ದೊಡ್ಡದಾಗಿ ಮೂಡಿಸುವ 35 ಎಂ.ಎಂ. ಎನ್‌ಲಾರ್ಜರ್ ಸಾಲದು. 6x6 ಸೆಂ.ಮೀ. ಚಿತ್ರದ್ದಕ್ಕೂ 65 ಮಿ.ಮೀ. ಹಿಡಿಸದು, 6x7 ಎನ್‌ಲಾರ್ಜರಿಗೆ 90 ಎಂ.ಎಂ. ಲೆನ್ಸ್ ಹಾಕಿ. 8x10 ಇಂಚಿನ ಕಾಗದದಲ್ಲಿ ಎಕ್ಸ್‌ಪ್ಯಾನ್ ಚಿತ್ರದ ಎತ್ತರ ಸುಮಾರು 3.7 ಇಂಚು. ಒಂದೇ ಹಾಳೆಯಲ್ಲಿ ಎರಡು ಚಿತ್ರ ಕೂರುತ್ತವೆ, ಕಾಗದದ ಈಗಿನ ಬೆಲೆಯಲ್ಲಿ ಇದು ಸಣ್ಣ ಉಳಿತಾಯವಲ್ಲ. ಸ್ಕ್ಯಾನ್ ಮಾಡಿಸುವವರು ಫಿಲಂ ಹಿಡಿಯುವ ಚಪ್ಪಟೆ ಸ್ಕ್ಯಾನರ್, ಅಂದರೆ ಫ್ಲಾಟ್‌ಬೆಡ್ ಇದೆಯೇ ಎಂದು ಕೇಳಿ. ಅದೇ ಚಿತ್ರವನ್ನು 3200 ಡಿಪಿಐಯಲ್ಲಿ (ಇಂಚಿಗೆ 3200 ಚುಕ್ಕೆ) ಸ್ಕ್ಯಾನ್ ಮಾಡಿ 300 ಡಿಪಿಐಯಲ್ಲಿ ಮುದ್ರಿಸಿದರೆ ಸುಮಾರು 27 ಇಂಚು ಅಗಲ, 10 ಇಂಚು ಎತ್ತರದ ಪ್ರಿಂಟು ಸಿಗುತ್ತದೆ.

ಲ್ಯಾಬಿನವರಲ್ಲಿ ಕೋರಿಕೆ ಒಂದೇ. ರೀಲು ಪಡೆಯುವಾಗ ಬರೆದುಕೊಳ್ಳುವ ಚೀಟಿಯಲ್ಲಿ 'ಕತ್ತರಿಸಬೇಕೆ, ಇಡಿಯಾಗಿ ಕೊಡಬೇಕೆ?' ಎಂಬ ಒಂದು ಸಾಲು ಸೇರಿಸಿ.

— ಓದುಗರು, ಮೈಸೂರು