ವ್ಯಾನ್ ತಗೊಂಡ ಗೆಳೆಯನಿಗೆ

ಸಾಗರ
ಭಾನುವಾರ ರಾತ್ರಿ

ಏನೋ ಮಾರಾಯ,

ಅಂತೂ ವ್ಯಾನ್ ತಗೊಂಡೆ. ಫೋಟೊ ನೋಡಿದೆ. ಮಂಚ, ಒಲೆ, ಸಿಂಕು, ಹಿಂದುಗಡೆ ಕಕ್ಕಸು ಬೇರೆ, ಭರ್ಜರಿ ಇದೆ. ಡಿಸೆಂಬರಿಗೆ ನಮ್ಮ ಕಡೆ ಬರ್ತೀನಿ ಅಂದಿದ್ದೀಯ. ಬಾ. ಬರೋ ಮುಂಚೆ ನಾನು ಮಾಡಿಕೊಂಡ ಭಾನಗಡಿಗಳನ್ನ ಒಂದ್ಸಲ ಓದಿಕೋ, ಅಷ್ಟೇ.

ನನ್ನ ಮೊದಲ ತಿರುಗಾಟ ಏಪ್ರಿಲ್‌ನಲ್ಲಿ. ಶರಾವತಿ ಹಿನ್ನೀರು ಇಳಿದು ನೆಲ ಎದ್ದಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗಿನಿಂದ ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೆ ಬರುವ ನೆಲ ಅದು. ಎಳೆ ಹುಲ್ಲು, ಬಿರುಕು ಬಿಟ್ಟ ಮಣ್ಣು, ದನ ಮೇಯುತ್ತಿದ್ದವು. ದನ ನಿಂತಲ್ಲಿ ವ್ಯಾನ್ ನಿಲ್ಲದೇ ಇರ್ತದಾ ಅಂತ ಇಳಿಸಿದೆ. ದನಕ್ಕೆ ಮೂರು ಟನ್ ತೂಕ ಇರಲ್ಲ ಅನ್ನೋದು ಹಿಂದಿನ ಚಕ್ರ ಕುಸಿದ ಮೇಲೆ ಹೊಳೀತು. ಮೇಲೆ ಹಪ್ಪಳದಷ್ಟು ಗಟ್ಟಿ, ಕೆಳಗೆ ಹೂಳು. ಗಾಬರಿಯಲ್ಲಿ ಎಕ್ಸಲೇಟರ್ ತುಳಿದೆ. ತುಳಿದಷ್ಟೂ ಚಕ್ರ ತನ್ನ ಗುಂಡಿ ತಾನೇ ತೋಡಿಕೊಂಡು ಆಕ್ಸಲ್‌ವರೆಗೆ ಹೂತಿತು.

ದನ ಕಾಯ್ತಿದ್ದ ಅಜ್ಜ ಒಬ್ಬರು ಬಂದರು. ವ್ಯಾನಿಗೆ ಒಂದು ಸುತ್ತು ಹಾಕಿದರು. ಇಲ್ಲಿಗೆ ಯಾಕೆ ಇಳಿಸಿದ್ರಿ ಅಂತ ಕೇಳ್ತಾರೆ ಅಂತ ಉತ್ತರ ಜೋಡಿಸ್ತಾ ಇದ್ದೆ. ಅವರು ಕೇಳಿದ್ದು, “ಚಾ ಆಯ್ತಾ?” ಅರ್ಧ ಗಂಟೆ ಬಿಟ್ಟು ಮಗನ ಹೆಗಲ ಮೇಲೆ ಅಡಿಕೆ ಮರ ಸೀಳಿದ ನಾಲ್ಕು ದಬ್ಬೆ, ಕೈಯಲ್ಲೊಂದು ಹಾರೆ. ಮೊದಲು ಟ್ಯಾಂಕಿನ ನೀರು ಬಿಡಿಸಿದರು. ನೂರು ಲೀಟರ್ ಅಂದ್ರೆ ನೂರು ಕೆಜಿ ಇಳಿದ ಹಾಗೆ. ಟೈರಿನ ಗಾಳಿ ಸ್ವಲ್ಪ ಇಳಿಸಿ, ಚಕ್ರದ ಮುಂದೆ ಇಳಿಜಾರು ತೋಡಿ, ದಬ್ಬೆಯ ನಾರಿನ ಬದಿ ಮೇಲಾಗಿ ಸಿಗಿಸಿದರು. “ಸೆಕೆಂಡ್ ಗೇರಲ್ಲಿ ನಿಧಾನ ಬನ್ನಿ, ಸಿಟ್ಟು ಮಾಡ್ಬೇಡಿ” ಅಂದರು, ವ್ಯಾನಿನ ಮೇಲೋ ನನ್ನ ಮೇಲೋ ಗೊತ್ತಾಗಲಿಲ್ಲ. ವ್ಯಾನ್ ಹತ್ತಿಬಂತು. ದುಡ್ಡು ಮುಟ್ಟಲಿಲ್ಲ. “ದಬ್ಬೆ ತೊಳ್ದು ಕೊಟ್ಟು ಹೋಗಿ, ನಾಳೆ ಬೇಲಿಗೆ ಬೇಕು.” ಆವತ್ತು ಹೊಳೆಯಲ್ಲಿ ಕೂತು ದಬ್ಬೆ ಉಜ್ಜಿದ್ದು ಇನ್ನೂ ನೆನಪಿದೆ.

ಇನ್ನೊಂದು ಸಿಗಂದೂರಿನ ಲಾಂಚಿನದು, ಗಾಡಿಗಳನ್ನ ಹಿನ್ನೀರು ದಾಟಿಸೋ ದೊಡ್ಡ ದೋಣಿ. ಈಗ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಬಂದಿದೆ, 2025ರ ಜುಲೈಯಲ್ಲಿ ತೆರೆದರು, ಎರಡೂವರೆ ಕಿಲೋಮೀಟರಿಗೆ ಸ್ವಲ್ಪ ಕಮ್ಮಿ, ನೀನು ಐದು ನಿಮಿಷದಲ್ಲಿ ದಾಟ್ತೀಯ. ನಾವು ರಿವರ್ಸಲ್ಲಿ ಲಾಂಚಿಗೆ ಹತ್ತಿಸಬೇಕಿತ್ತು. ಐದು ಜನ “ಬಾ ಬಾ ಬಾ” ಅಂತ ಕೂಗಿದರೆ ಆರನೆಯವ “ನಿಲ್ಸಿ” ಅಂದ. ಪಕ್ಕದ ಮೆಟ್ಟಿಲು ಮಡಚೋದು ಮರೆತಿದ್ದೆ. ಹಲಗೆಗೆ ತಾಗಿ ಕಿತ್ತುಕೊಂಡು ನೀರಿಗೆ ಬಿತ್ತು. ಅವತ್ತಿನಿಂದ ಹಿಂದೆ ಹೇಳೋಕೆ ಒಬ್ಬರೇ, ಅವರು ಕನ್ನಡಿಯಲ್ಲಿ ಕಾಣದಿದ್ರೆ ಗಾಡಿ ನಿಂತೇ ನಿಲ್ಲಬೇಕು. ಹೊರಡೋ ಮುಂಚೆ ಗಾಡಿಗೆ ಒಂದು ಸುತ್ತು ಬಂದು ಮೆಟ್ಟಿಲು, ಕಿಟಕಿ, ಮೇಲಿನ ಗವಾಕ್ಷಿ ನೋಡ್ತೀನಿ. ಹೆಂಡತಿ ನಗ್ತಾಳೆ, ದೇವಸ್ಥಾನದ ಪ್ರದಕ್ಷಿಣೆ ಅಂತ.

ಕಲಿತದ್ದನ್ನ ಇನ್ನೊಬ್ಬರಿಗೆ ಹೇಳೋದು ಮಾತ್ರ ಕಷ್ಟ ಕಣೋ. ಹೋದ ಜನವರಿ, ಹೊಸನಗರದ ಹತ್ತಿರ ಪರಿಚಯದವರ ತೋಟದಲ್ಲಿ ವ್ಯಾನ್ ನಿಲ್ಲಿಸಿದ್ದೆ. ಪಕ್ಕದಲ್ಲಿ ಇನ್ನೊಂದು ವ್ಯಾನ್, ಗಂಡ ಹೆಂಡತಿ, ಸಣ್ಣ ಮಗು. ಚಳಿ ಅಂತ ಆತ ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿಸಿ ಒಳಗಿಟ್ಟು ಕಿಟಕಿಗಳನ್ನೆಲ್ಲ ಎಳೆದುಕೊಂಡ. ಕೆಂಡದ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದ ಹಾಗೇ ಹೋಗ್ತಾರೆ. ಹೋಗಿ ಹೇಳಿದ್ರೆ ‘ಇವನ್ಯಾರು’ ಅಂದ್ರೆ? ಡಬ್ಬಿಯಲ್ಲಿ ತೊಡದೇವು ಇತ್ತು. ಮಗುವಿಗೆ ಕೊಡೋ ನೆಪದಲ್ಲಿ ಬಾಗಿಲು ಬಡಿದೆ. ಮೊದಲು ನನ್ನ ಲಾಂಚಿನ ಕಥೆ ಹೇಳಿದೆ, ಇಬ್ಬರೂ ನಕ್ಕರು. ಆಮೇಲೆ ಕೆಂಡದ ಮಾತು ತೆಗೆದೆ. ಆತ ಮಾತಾಡದೆ ಅಗ್ಗಿಷ್ಟಿಕೆ ಎತ್ತಿ ಹೊರಗಿಟ್ಟ. ನೆಲದ ಮೇಲೆ ಹಾಸಿದ್ದ ಮ್ಯಾಟನ್ನೂ ಅವನೇ ಸರಿಸಿ ತೋರಿಸಿದ, “ಇದೇನು ತೂತು ಅಂತ ಮುಚ್ಚಿದ್ದೆ ಸಾರ್.” ಗ್ಯಾಸ್ ಸಿಲಿಂಡರ್ ಪಕ್ಕದ ತೂತು ಅದು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದ್ರೆ ಕೆಳಗೇ ನಿಲ್ಲುತ್ತೆ. ಹೊರಗೆ ಹೋಗೋಕೆ ಅದೊಂದೇ ದಾರಿ. ನಿನ್ನ ವ್ಯಾನಲ್ಲೂ ಇದೆಯಾ ನೋಡು.

ನಿನ್ನದು ಸೆಕೆಂಡ್ ಹ್ಯಾಂಡ್ ಅಲ್ವಾ? ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 1419 ಅಂತಿದ್ರೆ 2019ರ 14ನೇ ವಾರ ತಯಾರಾದದ್ದು, ಹಳೇದಾಯ್ತು, ಗೆರೆ ಎಷ್ಟು ಚೆನ್ನಾಗಿದ್ರೂ ಬದಲಾಯಿಸು. ಆಗುಂಬೆ ಇಳಿದು ಉಡುಪಿಗೆ ಹೋಗೋ ಆಸೆ ಇದ್ರೆ, 14 ತಿರುವು, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳೀಬೇಡ. ಸಣ್ಣ ಗೇರಲ್ಲಿ ಎಂಜಿನ್ನೇ ಹಿಡೀಲಿ. ಸುಟ್ಟ ವಾಸನೆ ಬಂದ್ರೆ ನಿಲ್ಲಿಸಿ ಆರೋಕೆ ಬಿಡು.

ಕಕ್ಕಸಿನ ಟ್ಯಾಂಕನ್ನ ಹಳ್ಳಕ್ಕೆ ಮಾತ್ರ ಬಿಡಬೇಡಪ್ಪ. ನಮ್ಮಲ್ಲಿ ಕೆಳಗಿನ ಮನೆಯವರು ಅದೇ ಹಳ್ಳದಿಂದ ಪೈಪ್ ಎಳೆದು ಅಬ್ಬಿ ನೀರು ಕುಡೀತಾರೆ. ಇಲ್ಲಿಗೆ ಬಂದ ಮೇಲೆ ನಮ್ಮ ಮನೆ ಗುಂಡಿಗೆ ಬಿಡು. ಕಾಡಲ್ಲಿ ಒಣಗಿದ ದರಗೆಲೆ ಮೇಲೆ ಚಾಪೆ ಹಾಸಿ ಕೂರೋದೂ ಬೇಡ. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದೇ 1957ರಲ್ಲಿ, ನಮ್ಮ ಪಕ್ಕದ ಸೊರಬದ ಕ್ಯಾಸನೂರು ಕಾಡಲ್ಲಿ. ಡಿಸೆಂಬರಿಂದ ಬೇಸಿಗೆ ಮುಗಿಯೋವರೆಗೆ ಅದನ್ನ ಹರಡೋ ಉಣ್ಣೆ ಹುಳ ಜೋರು.

ನೀನು ಬರೋ ಹೊತ್ತಿಗೆ ಅಡಿಕೆ ಗೊನೆ ಕೊಯ್ಲು ನಡೀತಿರುತ್ತೆ, ಅಂಗಳದ ತುಂಬ ಅಡಿಕೆ. ವ್ಯಾನನ್ನ ಕೊಟ್ಟಿಗೆ ಪಕ್ಕ ನಿಲ್ಲಿಸೋಣ. ಅಲ್ಲಿಗೆ ಹೋಗೋಕೆ ಚಪ್ಪರದ ಅಡಿಯಿಂದಲೇ ದಾರಿ, ಒಂಬತ್ತಡಿ ಎತ್ತರ. ಮೇಲಿನ ಸೋಲಾರ್ ಪ್ಯಾನೆಲ್ಲೂ ಸೇರಿಸಿ ನಿನ್ನ ವ್ಯಾನ್ ಅಳೆದು ಬರಿ. ಜಾಸ್ತಿ ಇದ್ರೆ ಎರಡು ಗಳ ಬಿಚ್ಚಿಡ್ತೀನಿ.

ನಿನ್ನ,
ಅದೇ ಮಾರಾಯ